ವೇಷಕವಚಕ್ಕಾಗಿ ಬಟ್ಟೆಗೆ ಚೈನ್‌ಮೇಲ್ ಹೊಲಿಯುವ ಕ್ರಮ

ಮಧ್ಯಯುಗದ ಯುರೋಪಿನ ಯೋಧನ ವೇಷ ಕಟ್ಟುವವರಲ್ಲಿ ಅನೇಕರು ಮೊದಲು ಪೂರ್ತಿ ಚೈನ್‌ಮೇಲ್ ಅಂಗಿಯೊಂದನ್ನು ಸಿದ್ಧಪಡಿಸಿ, ಅದರ ಮೇಲೆ ಉಕ್ಕಿನ ತಗಡಿನ ಕವಚವನ್ನು ತೊಡಲು ಮುಂದಾಗುತ್ತಾರೆ. ಉಕ್ಕಿನ ಕೊಂಡಿಗಳಿಂದ ಹೆಣೆದ ಅಂತಹ ಅಂಗಿ ಸುಮಾರು 10 ಕಿಲೋ ತೂಗುತ್ತದೆ, ಮತ್ತು ಅದರ ಬಹುಭಾಗ ತಗಡಿನ ಅಡಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. 15ನೇ ಶತಮಾನದ ಯೋಧರು ಇದಕ್ಕೆ ಜಾಣ ಪರಿಹಾರವನ್ನು ಕಂಡುಕೊಂಡಿದ್ದರು. ತಗಡು ಮುಚ್ಚಲಾಗದ ಕಂಕುಳು, ಮೊಣಕೈಯ ಒಳಮಡಿಕೆ ಮುಂತಾದ ಕಡೆಗಳಿಗೆ ಮಾತ್ರ ಚೈನ್‌ಮೇಲ್ ತುಂಡುಗಳನ್ನು ಕತ್ತರಿಸಿಕೊಂಡು, ಕವಚದ ಒಳಗೆ ತೊಡುವ ದಪ್ಪ ಬಟ್ಟೆಯ ಡಬ್ಲೆಟ್ಟಿಗೆ ನೇರವಾಗಿ ಹೊಲಿಯುತ್ತಿದ್ದರು. ಆ ಶತಮಾನದ ಮಧ್ಯಭಾಗದ ಇಂಗ್ಲಿಷ್ ಹಸ್ತಪ್ರತಿಯೊಂದು ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಯೋಧನಿಗೆ ಕವಚ ತೊಡಿಸುವ ವಿಧಾನವನ್ನು ವಿವರಿಸುವ ಭಾಗದಲ್ಲಿ ಅದು ಫಸ್ಟಿಯನ್ ಬಟ್ಟೆಯ ಡಬ್ಲೆಟ್ಟನ್ನೂ, ಅದರ ಕಂಕುಳಿಗೂ ತೋಳಿನ ಮಡಿಕೆಗೂ ಹೊಲಿದ ಚೈನ್‌ಮೇಲ್ ತುಂಡುಗಳನ್ನೂ ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ತುಂಡುಗಳನ್ನು ಹೊಲಿಯುವುದನ್ನು ಯಾರೂ ಕಳ್ಳದಾರಿಯೆಂದು ಭಾವಿಸಬೇಕಾಗಿಲ್ಲ. ಆ ಕಾಲದ ವೇಷಕ್ಕೆ ಅದೇ ಸರಿಯಾದ ದಾರಿ. ಇಲ್ಲಿ ವಿವರಿಸುವುದು ಕಂಕುಳಿನ ತುಂಡನ್ನು. ಅದನ್ನು ಕಲಿತವರಿಗೆ ಉಳಿದವು ಸುಲಭವಾಗುತ್ತವೆ.

ಮೊದಲು ಬಟ್ಟೆಯ ವಿಚಾರ. ಚೈನ್‌ಮೇಲಿನ ಭಾರವೆಲ್ಲ ಕೊನೆಗೆ ಬಟ್ಟೆಯ ನೂಲಿನ ಮೇಲೆಯೇ ಬೀಳುವುದರಿಂದ ತೆಳುವಾದ ಅಥವಾ ಎಳೆದರೆ ಹಿಗ್ಗುವ ಬಟ್ಟೆ ಈ ಕೆಲಸಕ್ಕೆ ಆಗದು. ಒತ್ತಾಗಿ ನೇಯ್ದ ಹತ್ತಿಯ ಡ್ರಿಲ್ ಅಥವಾ ತೆಳು ಕ್ಯಾನ್ವಾಸ್ ಹೊರಪದರಕ್ಕೂ, ಮೃದುವಾದ ಹತ್ತಿಬಟ್ಟೆ ಒಳಗಿನ ಅಸ್ತರಿಗೂ ಸೂಕ್ತ. ನಮ್ಮ ಸೆಕೆಯಲ್ಲಿ ಪಾಲಿಯೆಸ್ಟರ್ ಅಸ್ತರನ್ನು ಬಳಸದಿರುವುದು ಒಳ್ಳೆಯದು. ಬೆವರು ಹೀರದ ಬಟ್ಟೆ ಮೈಗೂ ಹಿಂಸೆ, ಕೊಂಡಿಗಳಿಗೂ ತುಕ್ಕಿನ ದಾರಿ. ಬಟ್ಟೆಯನ್ನು ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಬೇಕು. ಚೈನ್‌ಮೇಲ್ ಹೊಲಿದಾದ ಮೇಲೆ ಬಟ್ಟೆ ಕುಗ್ಗಿದರೆ ಸರಿಪಡಿಸಲು ಹೊಲಿಗೆಯನ್ನೆಲ್ಲ ಬಿಚ್ಚುವುದೊಂದೇ ಉಪಾಯ.

ಕೊಂಡಿಗಳಲ್ಲಿ ಆಯ್ಕೆ ಇರುವುದು ಮುಖ್ಯವಾಗಿ ಉಕ್ಕು ಮತ್ತು ಅಲ್ಯೂಮಿನಿಯಂ ನಡುವೆ. 1.6 ಮಿ.ಮೀ. ತಂತಿಯಿಂದ ಮಾಡಿದ, ಒಳವ್ಯಾಸ 8 ಮಿ.ಮೀ. ಇರುವ ಉಕ್ಕಿನ ಕೊಂಡಿಯೊಂದು ಹೆಚ್ಚುಕಡಿಮೆ ಅರ್ಧ ಗ್ರಾಂ ತೂಗುತ್ತದೆ. ಸಾವಿರ ಕೊಂಡಿಗಳ ತುಂಡು ಅರ್ಧ ಕಿಲೋ ಆದರೆ, ಅದೇ ಅಳತೆಯ ಅಲ್ಯೂಮಿನಿಯಂ ತುಂಡು ಅದರ ಮೂರನೆಯ ಒಂದು ಭಾಗ ಮಾತ್ರ. ದಿನವಿಡೀ ತೊಡುವವರು ಅಲ್ಯೂಮಿನಿಯಂ ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಉಕ್ಕು ಮೈಗೆ ಅಂಟಿ ಇಳಿಬೀಳುವ ರೀತಿ ಮತ್ತು ನಡೆಯುವಾಗ ಅದು ಮಾಡುವ ಸದ್ದು ಹಗುರ ಲೋಹಕ್ಕೆ ಬರುವುದಿಲ್ಲ. ಯಾವುದನ್ನೇ ಕೊಂಡರೂ ಹೊಲಿಯುವ ಮುನ್ನ ಪಾತ್ರೆ ತೊಳೆಯುವ ಸೋಪು ಹಾಕಿದ ಬಿಸಿನೀರಿನಲ್ಲಿ ಚೆನ್ನಾಗಿ ಜಾಲಾಡಿಸಬೇಕು. ಉಕ್ಕಿನ ತಂತಿಗೆ ಎಣ್ಣೆ ಹತ್ತಿರುತ್ತದೆ, ಅಲ್ಯೂಮಿನಿಯಂ ಬೂದುಬಣ್ಣದ ಪುಡಿಯನ್ನು ಬಿಡುತ್ತದೆ. ಎರಡೂ ಬಟ್ಟೆಯಲ್ಲಿ ಉಳಿದರೆ ಹೋಗದ ಕಲೆಗಳಾಗುತ್ತವೆ. ನೀರು ತಿಳಿಯಾಗುವವರೆಗೂ ತೊಳೆದು, ಒರೆಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು.

ತುಂಡಿನ ಅಳತೆಯನ್ನು ಮೇಜಿನ ಮೇಲೆ ತೆಗೆದುಕೊಳ್ಳುವಂತಿಲ್ಲ. ಡಬ್ಲೆಟ್ಟನ್ನು ತೊಡುವವರಿಗೇ ತೊಡಿಸಿ, ತೋಳನ್ನು ಭುಜದ ಮಟ್ಟಕ್ಕಿಂತ ಸ್ವಲ್ಪ ಮೇಲೆ ಎತ್ತಿಸಿ, ಎದೆಯ ತಗಡಿನ ಅಂಚಿನಿಂದ ತೋಳಿನ ತಗಡಿನ ಅಂಚಿನವರೆಗೆ ಬಟ್ಟೆ ಕಾಣಿಸುವ ಜಾಗವನ್ನು ಟೈಲರ್ ಚಾಕಿನಿಂದ ಗುರುತಿಸಬೇಕು. ಸಾಮಾನ್ಯವಾಗಿ ಅದು ತೋಳಿನ ಜೋಡಣೆಯ ಮೇಲೆ ಅರ್ಧ, ಪಕ್ಕೆಯ ಮೇಲೆ ಅರ್ಧ ಕೂರುವ ವಜ್ರಾಕಾರವಾಗಿರುತ್ತದೆ. ಗುರುತಿನ ಸುತ್ತ ಇನ್ನೂ 2 ಸೆ.ಮೀ. ಬಿಟ್ಟು ಹೊರಗೆರೆ ಎಳೆದರೆ ತುಂಡಿನ ಅಂಚು ತಗಡಿನ ಅಡಿಗೆ ಸೇರಿ ಮರೆಯಾಗುತ್ತದೆ. ತೋಳು ಇಳಿಬಿಟ್ಟು ಅಳತೆ ತೆಗೆದ ತುಂಡು ಕನ್ನಡಿಯ ಮುಂದೆ ಎಷ್ಟೇ ಚೆಂದ ಕಂಡರೂ ಕತ್ತಿ ಎತ್ತಿದೊಡನೆ ಹೊಲಿಗೆಯನ್ನು ಕಿತ್ತುಹಾಕುತ್ತದೆ.

ಈಗ ಚೈನ್‌ಮೇಲಿನ ದಿಕ್ಕನ್ನು ನೋಡಬೇಕು. ಒಂದು ಕೊಂಡಿ ನಾಲ್ಕರೊಂದಿಗೆ ಹೆಣೆದುಕೊಳ್ಳುವ ಸಾಮಾನ್ಯ ಯುರೋಪಿಯನ್ ಹೆಣಿಗೆ ಎರಡೂ ದಿಕ್ಕಿಗೆ ಒಂದೇ ರೀತಿ ವರ್ತಿಸುವುದಿಲ್ಲ. ತುಂಡನ್ನು ಎರಡು ಕೈಗಳಿಂದ ಎತ್ತಿ ಹಿಡಿದು ಅಡ್ಡಕ್ಕೆ ಎಳೆಯಿರಿ, ಬಳಿಕ ಕಾಲು ಸುತ್ತು ತಿರುಗಿಸಿ ಮತ್ತೆ ಎಳೆಯಿರಿ. ಒಂದು ಸ್ಥಿತಿಯಲ್ಲಿ ಕೊಂಡಿಗಳು ತಮ್ಮ ಭಾರಕ್ಕೇ ಒತ್ತಾಗಿ ಮುಚ್ಚಿಕೊಂಡಿದ್ದು ಎಳೆದಾಗ ಅಡ್ಡಕ್ಕೆ ಬಿಚ್ಚಿಕೊಳ್ಳುತ್ತವೆ. ಇನ್ನೊಂದರಲ್ಲಿ ಆಗಲೇ ಹರಡಿಕೊಂಡಿದ್ದು ಹೆಚ್ಚಿಗೆ ಹಿಗ್ಗಲು ಎಡೆಯೇ ಇರುವುದಿಲ್ಲ. ತೋಳು ಎತ್ತಿದಾಗ ಬಟ್ಟೆ ಯಾವ ಕಡೆಗೆ ಸೆಳೆಯುತ್ತದೆಯೋ ಆ ಕಡೆಗೇ ಹಿಗ್ಗು ಬರುವಂತೆ ತುಂಡನ್ನು ಇಟ್ಟುಕೊಳ್ಳಬೇಕು. ಈ ಒಂದು ನಿಮಿಷದ ಪರೀಕ್ಷೆಯನ್ನು ಬಿಟ್ಟರೆ ಎಷ್ಟು ಅಚ್ಚುಕಟ್ಟಾಗಿ ಹೊಲಿದರೂ ಪ್ರಯೋಜನವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆಕಾರ ತರಲು ಕತ್ತರಿ ಬಳಸುವಂತಿಲ್ಲ. ಎರಡು ಇಕ್ಕಳಗಳಿಂದ ಗೆರೆಯಲ್ಲಿರುವ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಬೇಕು. ಓರೆ ಅಂಚುಗಳು ಮೆಟ್ಟಿಲಿನಂತೆ ಬರುವುದು ಸಹಜ, ಅವು ತಗಡಿನ ಅಡಿಗೆ ಹೋಗುವುದರಿಂದ ಚಿಂತೆ ಬೇಡ.

ತುಂಡನ್ನು ಡಬ್ಲೆಟ್ಟಿಗೆ ನೇರವಾಗಿ ಹೊಲಿಯುವ ಬದಲು, ಅದೇ ಆಕಾರದ ಇನ್ನೊಂದು ಡ್ರಿಲ್ ಬಟ್ಟೆಗೆ ಮೊದಲು ಹೊಲಿದು, ಆ ಬಟ್ಟೆಯ ಅಂಚನ್ನು ಡಬ್ಲೆಟ್ಟಿಗೆ ಹೊಲಿಯುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ. ಐತಿಹಾಸಿಕ ಕ್ರಮಕ್ಕಿಂತ ಇದು ತುಸು ಭಿನ್ನವಾದರೂ, ಡಬ್ಲೆಟ್ಟನ್ನು ಒಗೆಯಬೇಕಾದಾಗ ಹೊರಗಿನ ಒಂದು ಸುತ್ತು ಹೊಲಿಗೆಯನ್ನು ಬಿಚ್ಚಿದರೆ ಲೋಹವೆಲ್ಲ ಒಟ್ಟಿಗೆ ಹೊರಬರುತ್ತದೆ.

ದಾರವು ಚಪ್ಪಲಿ ಹೊಲಿಯುವವರು ಬಳಸುವ ಗಟ್ಟಿ ನೈಲಾನ್ ದಾರವಾದರೂ ಆದೀತು, ಲಿನನ್ ದಾರವಾದರೆ ಇನ್ನೂ ಒಳ್ಳೆಯದು. ಅದನ್ನು ಜೇನುಮೇಣದ ತುಂಡಿನ ಮೇಲೆ ಎರಡು ಮೂರು ಬಾರಿ ಎಳೆದು, ಬೆರಳುಗಳ ನಡುವೆ ಉಜ್ಜಿ ಮೇಣವನ್ನು ಒಳಗಿಳಿಸಬೇಕು. ಮೇಲೆ ಹೇಳಿದ ಹಸ್ತಪ್ರತಿಯೂ ಕವಚದ ಭಾಗಗಳನ್ನು ಡಬ್ಲೆಟ್ಟಿಗೆ ಕಟ್ಟುವ ದಾರಗಳನ್ನು, ಅವು ಹಿಗ್ಗದಂತೆಯೂ ಹರಿಯದಂತೆಯೂ, ಚಮ್ಮಾರರ ಮೇಣದಿಂದ ತಿಕ್ಕಬೇಕೆಂದು ಹೇಳುತ್ತದೆ. ಬಟ್ಟೆ ತೀರ ದಪ್ಪವಾಗಿದ್ದರೆ ದಬ್ಬಣದಿಂದ ಮೊದಲು ತೂತು ಮಾಡಿಕೊಂಡು ಆಮೇಲೆ ಸೂಜಿ ಹಾಯಿಸಬಹುದು. ಹೊಲಿಗೆ ಯಂತ್ರವನ್ನು ಮಾತ್ರ ಇದರ ಹತ್ತಿರವೂ ತರಬಾರದು. ಸೂಜಿ ಕೊಂಡಿಗೆ ಬಡಿದು ಮುರಿದರೆ ಚೂರು ಕಣ್ಣಿಗೆ ಹಾರುವ ಅಪಾಯವಿದೆ.

ಗುಂಡುಪಿನ್ನು ಲೋಹವನ್ನು ಹಿಡಿದು ನಿಲ್ಲಿಸಲಾರದು. ಆದ್ದರಿಂದ ಎದ್ದು ಕಾಣುವ ಬಣ್ಣದ ದಾರದಿಂದ ಅಂಚಿನುದ್ದಕ್ಕೂ 5 ಸೆ.ಮೀ.ಗೆ ಒಂದರಂತೆ ಕಚ್ಚಾ ಹೊಲಿಗೆ ಹಾಕಿ ತುಂಡನ್ನು ಕೂರಿಸಿಕೊಳ್ಳಬೇಕು. ಹಾಗೆ ಕೂರಿಸುವಾಗ ಲೋಹ ಬಿಗಿಯಾಗಿ ಹರಡಿರದೆ, ಬಟ್ಟೆಗಿಂತ ತುಸು ಹೆಚ್ಚಾಗಿ ಸಡಿಲವಾಗಿ ಇರಲಿ. ಪಕ್ಕಾ ಹೊಲಿಗೆಯನ್ನು ಭಾರ ಹೊರುವ ಮೇಲಂಚಿನ ನಡುವಿನಿಂದ ಆರಂಭಿಸಿ ಎರಡೂ ಬದಿಗೆ ಸಾಗಿದರೆ ತುಂಡು ಒಂದು ಕಡೆಗೆ ಜಾರುವುದಿಲ್ಲ. ಸೂಜಿಯನ್ನು ಬಟ್ಟೆಯ ಅಡಿಯಿಂದ ಕೊಂಡಿಯ ಒಳಗೆ ಮೇಲೆತ್ತಿ, ತಂತಿಯ ಮೇಲಿಂದ ದಾಟಿಸಿ, ಕೊಂಡಿಯ ಹೊರಮಗ್ಗುಲಲ್ಲೇ ಕೆಳಗಿಳಿಸಬೇಕು; ಇದನ್ನೇ ಇನ್ನೊಮ್ಮೆ ಮಾಡಿ ಪಕ್ಕದ ಕೊಂಡಿಗೆ ಹೋಗಬೇಕು. ಅಂಚಿನ ಒಂದು ಕೊಂಡಿಯನ್ನೂ ಬಿಡಬಾರದು. ಮೇಲಂಚಿನಲ್ಲಿ ಎರಡನೆಯ ಸಾಲನ್ನೂ ಇದೇ ರೀತಿ ಹೊಲಿದರೆ ಭಾರ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಐದು ಕೊಂಡಿಗಳಿಗೊಮ್ಮೆ ಅಡಿಯಲ್ಲಿ ಗಂಟು ಹಾಕುವುದನ್ನು ಮರೆಯಬಾರದು, ಏಕೆಂದರೆ ಎಲ್ಲಿಯಾದರೂ ದಾರ ಹರಿದರೆ ಆ ಐದೇ ಬಿಚ್ಚುತ್ತವೆ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ರಿವೆಟ್ ಹಾಕದ ಕೊಂಡಿಯಲ್ಲಿ ತಂತಿಯ ಎರಡು ತುದಿ ಸೇರುವ ಜಾಗ ಹರಿತವಾಗಿರುತ್ತದೆ, ಅದು ದಾರದ ಮೇಲೆ ಕೂತರೆ ಕೆಲವೇ ದಿನಗಳಲ್ಲಿ ಅದನ್ನು ಕುಯ್ಯುತ್ತದೆ. ಆದ್ದರಿಂದ ಹೊಲಿಯುವ ಪ್ರತಿ ಕೊಂಡಿಯನ್ನೂ ಉಗುರಿನಿಂದ ತಿರುಗಿಸಿ ಆ ಸೇರುವೆಯನ್ನು ಹೊಲಿಗೆಯ ಎದುರು ಬದಿಗೆ ತರಬೇಕು. ತರಚುವಂತಿದ್ದರೆ ಸಣ್ಣ ಅರದಿಂದ ಉಜ್ಜಬೇಕು. ಎರಡನೆಯದು ಬಿಗಿ. ಕೊಂಡಿ ಅಲುಗದಂತೆ ದಾರ ಬಿಗಿದರೆ ಬಟ್ಟೆ ಸುಕ್ಕುಗಟ್ಟುತ್ತದೆ, ತೀರ ಸಡಿಲ ಬಿಟ್ಟರೆ ಕೊಂಡಿ ಓಡಾಡಿ ದಾರವನ್ನು ಸವೆಸುತ್ತದೆ. ಬೆರಳಿನಿಂದ ಎತ್ತಿದರೆ ಅರ್ಧದಷ್ಟು ವಾಲಿ ನಿಲ್ಲುವುದು ಸರಿಯಾದ ಬಿಗಿ. ಕಂಕುಳಿನ ತುಂಡಿನ ನಡುಭಾಗಕ್ಕೆ ಹೊಲಿಗೆ ಹಾಕಬಾರದು, ಅದು ಸ್ವತಂತ್ರವಾಗಿ ಅಲುಗಾಡಬೇಕು. ಕುತ್ತಿಗೆಯ ಸುತ್ತಿನ ಅಥವಾ ಸೊಂಟದ ಕೆಳಗಿನ ಅಗಲವಾದ ತುಂಡುಗಳು ಜೋತುಬೀಳುವುದರಿಂದ ಅವುಗಳಿಗೆ ಮಾತ್ರ ನಡುನಡುವೆ ಒಂಟಿ ಹೊಲಿಗೆಗಳು ಬೇಕಾಗುತ್ತವೆ.

ಚೈನ್‌ಮೇಲ್ ಹೊಲಿದ ಡ್ರಿಲ್ ಬಟ್ಟೆಯನ್ನು ಡಬ್ಲೆಟ್ಟಿಗೆ ಹೊಲಿಯುವ ಮುನ್ನ ಕಚ್ಚಾ ಹೊಲಿಗೆಯಲ್ಲೇ ತೊಟ್ಟು ನೋಡಬೇಕು. ತೋಳನ್ನು ಮೇಲೆತ್ತಿ, ಎದೆಗೆ ಅಡ್ಡ ತಂದು, ಬೆನ್ನಿಗೆ ಒಯ್ದು, ಮುಂದಕ್ಕೆ ಬಾಗಿ ನೋಡುವಾಗ ಗಮನ ಲೋಹದ ಮೇಲಲ್ಲ, ಬಟ್ಟೆಯ ಮೇಲಿರಬೇಕು. ಒಂದು ಬಿಂದುವಿನಿಂದ ಸುಕ್ಕುಗಳು ಹೊರಟಿದ್ದರೆ ಅಲ್ಲಿ ಸೆಳೆತ ಹೆಚ್ಚಾಗಿದೆ. ಆ ಜಾಗವನ್ನು ಬಿಚ್ಚಿ ಸಡಿಲಿಸಬೇಕು.

ತೊಟ್ಟು ಬಿಚ್ಚಿದ ಡಬ್ಲೆಟ್ಟನ್ನು ಒಳಮೈ ಹೊರಗೆ ಮಾಡಿ ಗಾಳಿಗೆ ಒಣಗಿಸಬೇಕು, ಆಮೇಲೆ ಹ್ಯಾಂಗರಿಗೆ ತೂಗುಹಾಕದೆ ಹತ್ತಿಬಟ್ಟೆಯಲ್ಲಿ ಸುತ್ತಿ ಮಟ್ಟಸವಾಗಿ ಇಡಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಉಕ್ಕಿನ ತುಂಡುಗಳನ್ನು ಬಿಚ್ಚಿ ತೆಗೆದು, ಎಣ್ಣೆ ಸವರಿದರೆ ಬಟ್ಟೆಗೆ ಇಳಿಯುವುದರಿಂದ ತೆಳುವಾಗಿ ಮೇಣ ಉಜ್ಜಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬದಲ್ಲಿಡುವುದು ಕ್ಷೇಮ. ವೇಷ ತೊಟ್ಟು ಹೊರಡುವಾಗ ಒಂದು ಹಿಡಿ ಬಿಡಿ ಕೊಂಡಿಗಳು, ಇಕ್ಕಳ ಜೋಡಿ, ಸೂಜಿ ಮತ್ತು ಮೇಣ ಹಚ್ಚಿದ ದಾರ ಚೀಲದಲ್ಲಿದ್ದರೆ ಬಿಚ್ಚಿಕೊಂಡ ಐದು ಕೊಂಡಿಗಳನ್ನು ಅಲ್ಲಿಯೇ ಕೂತು ಹೊಲಿದುಕೊಳ್ಳಬಹುದು.