ಆಟ ಅಳೆಯುವ ಎಐ: ಕಲಬುರಗಿಯಲ್ಲೇ ಕಲಿಯುವುದು ಹೇಗೆ?

ನೀವು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುವವರಿರಬಹುದು, ಪಿಡಿಎ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೋಡ್ ಬರೆಯುವವರಿರಬಹುದು. ಆಟದ ವಿಶ್ಲೇಷಣೆಗೆ ಎಐ ಕಲಿಯಲು ಇಬ್ಬರಿಗೂ ದಾರಿ ಇದೆ. ಇಬ್ಬರೂ ಜೋಡಿಯಾದರೆ ಇನ್ನೂ ಒಳ್ಳೆಯದು.

ಮೊದಲು ಕೋಚ್ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿಕೊಂಡು ಬನ್ನಿ. ಕಬಡ್ಡಿಯ ಈ ರೇಡರ್ ಯಾವ ಮೂಲೆಯಲ್ಲಿ ಜಾಸ್ತಿ ಸಿಕ್ಕಿಬೀಳುತ್ತಾನೆ? ನೂರು ಮೀಟರ್ ಓಟದ ಕೊನೆಯಲ್ಲಿ ಹೆಜ್ಜೆ ಚಿಕ್ಕದಾಗುತ್ತದಾ? ಪ್ರಶ್ನೆ ಇಲ್ಲದೆ ಸುಮ್ನೆ ಸಾಫ್ಟ್‌ವೇರ್ ಹಿಡಿದು ಕೂತರೆ ಆಸಕ್ತಿ ಬೇಗ ಇಳಿದುಹೋಗುತ್ತದೆ.

ಆಮೇಲೆ ಪೈಥಾನ್ ಎಂಬ ಕೋಡಿಂಗ್ ಭಾಷೆ, ಜೊತೆಗೆ ಸ್ವಲ್ಪ ಸಂಖ್ಯಾಶಾಸ್ತ್ರ ಕಲಿಯಿರಿ. ಆನ್‌ಲೈನ್ ಪಾಠದ ತಾಣಗಳಾದ ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಪಾಠ ಉಚಿತ. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ಅಭ್ಯಾಸಕ್ಕೆ ಕ್ರಿಕ್‌ಶೀಟ್ ತಾಣದಲ್ಲಿ ಐಪಿಎಲ್ ಪಂದ್ಯಗಳ ಪ್ರತಿ ಎಸೆತದ ವಿವರ ಬಿಟ್ಟಿ ಸಿಗುತ್ತದೆ. ಮೊದಲ 6 ಓವರ್ ಮತ್ತು ಕೊನೆಯ 4 ಓವರ್‌ಗಳ ರನ್ ಹೋಲಿಸುವುದರಿಂದ ಶುರು ಮಾಡಿ.

ನಿಜವಾದ ಕೆಲಸ ಇರುವುದು ವಿಡಿಯೊದಲ್ಲಿ. ಜೋರಾಗಿ ಓಡುವಾಗ ಕಾಲು ನೆಲದ ಮೇಲೆ ಇರುವುದು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ. ಮೊಬೈಲ್ ಸೆಕೆಂಡಿಗೆ 30 ಚಿತ್ರ ತೆಗೆದರೆ ಅಷ್ಟರಲ್ಲಿ ಸಿಗುವುದು ಬರೀ ಮೂರು. ಸ್ಲೋ ಮೋಷನ್‌ನಲ್ಲಿ 240 ತೆಗೆದರೆ ಇಪ್ಪತ್ನಾಲ್ಕು. ಅದಕ್ಕೆ ಬೆಳಕು ಚೆನ್ನಾಗಿರಬೇಕು. ಹಾಗಂತ ನಮ್ಮ ಬೇಸಿಗೆಯ ಮಧ್ಯಾಹ್ನ ಮಕ್ಕಳನ್ನು ಓಡಿಸಲೇಬೇಡಿ; ಬೆಳಗಿನ ಬಿಸಿಲೇ ಸಾಕು. ಮೊಬೈಲನ್ನು ಟ್ರೈಪಾಡ್ ಮೇಲೆ, ಓಟದ ದಾರಿಗೆ ನೇರ ಅಡ್ಡವಾಗಿ ಇಡಿ. ಟೇಪ್ ಹಿಡಿದು 10 ಮೀಟರ್ ಅಳೆದು, ಎರಡೂ ತುದಿಗೆ ಗುರುತು ಹಾಕಿ. ಆ ಗುರುತಿಲ್ಲದಿದ್ದರೆ ಹೆಜ್ಜೆ ಎಷ್ಟು ಉದ್ದ ಅಂತ ವಿಡಿಯೊ ನೋಡಿ ಹೇಳಲಾಗದು. ಚಿಕ್ಕವರಾದರೆ ತಂದೆ–ತಾಯಿಯ ಒಪ್ಪಿಗೆ ಪಡೆಯದೆ ಕ್ಯಾಮೆರಾ ಆನ್ ಮಾಡಬೇಡಿ.

ಈಗ ಬ್ರೌಸರ್‌ನಲ್ಲೇ ಪೈಥಾನ್ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್ ತೆರೆಯಿರಿ. ಅಲ್ಲಿ ಮೀಡಿಯಾಪೈಪ್ ಎಂಬ ಉಚಿತ ಸಾಧನ ದೇಹದ 33 ಬಿಂದುಗಳನ್ನು ಗುರುತಿಸುತ್ತದೆ. ಸೊಂಟ, ಮೊಣಕಾಲು, ಪಾದದ ಗಂಟು: ಈ ಮೂರು ಬಿಂದು ಸಿಕ್ಕರೆ ಮೊಣಕಾಲಿನ ಕೋನ ಲೆಕ್ಕ ಹಾಕಬಹುದು. ಆದರೆ ಕಣ್ಣುಮುಚ್ಚಿ ನಂಬಬೇಡಿ. ಕೆಲವು ಚಿತ್ರಗಳನ್ನು ಕಿನೋವಿಯಾ ಎಂಬ ವಿಡಿಯೊ ಅಳೆಯುವ ಸಾಫ್ಟ್‌ವೇರ್‌ನಲ್ಲಿ ಹಾಕಿ ನಿಮ್ಮ ಕೈಯಾರೆ ಅಳೆದು ತಾಳೆ ನೋಡಿ. ಕಬಡ್ಡಿಯಲ್ಲಿ ಏಳೆಂಟು ಜನ ಒಬ್ಬರ ಮೇಲೊಬ್ಬರು ಬಿದ್ದಾಗ ಬಿಂದುಗಳು ಯಾರದೋ ಕಾಲಿಗೆ ಹಾರುತ್ತವೆ. ಹಾಗಾಗಿ ಓಟ, ಜಿಗಿತ, ಬೌಲಿಂಗ್‌ನಂಥ ಒಬ್ಬರೇ ಕಾಣುವ ಆಟದಿಂದ ಆರಂಭಿಸಿ.

ಸ್ವಂತ ಮಾದರಿಗೆ (ಚಿತ್ರಗಳನ್ನು ನೋಡಿ ಕಲಿಯುವ ಎಐ ಪ್ರೋಗ್ರಾಂಗೆ) ತರಬೇತಿ ಕೊಡುವಾಗ ಬಹಳಷ್ಟು ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. ಒಬ್ಬ ಓಟಗಾರನ ಅರ್ಧ ಚಿತ್ರ ಕಲಿಕೆಗೆ, ಉಳಿದರ್ಧ ಪರೀಕ್ಷೆಗೆ ಇಟ್ಟರೆ ಫಲಿತಾಂಶ ಭರ್ಜರಿ ಕಾಣುತ್ತದೆ. ಹೊಸಬರು ಬಂದರೆ ಮಾದರಿ ಸೋಲುತ್ತದೆ. ಪರೀಕ್ಷೆಗೆ ಬೇರೆಯೇ ಓಟಗಾರರು ಇರಲಿ.

ಕೊನೆಗೆ ಕೋಚ್‌ಗೆ ಕನ್ನಡದಲ್ಲಿ ಒಂದು ಪುಟದ ವರದಿ ಕೊಡಿ. ಅವರು ಅಭ್ಯಾಸದಲ್ಲಿ ಏನಾದರೂ ಬದಲಿಸಿದರೆ, ತಿಂಗಳ ನಂತರ ಅದೇ ಜಾಗದಲ್ಲಿ, ಅಷ್ಟೇ ಎತ್ತರದಲ್ಲಿ ಮೊಬೈಲ್ ಇಟ್ಟು ಮತ್ತೆ ವಿಡಿಯೊ ಮಾಡಿ, ಎರಡನ್ನೂ ಹೋಲಿಸಿ.