ಹಳೇ ಜೀಪಿಗೆ ಎಲೆಕ್ಟ್ರಿಕ್ ಫ್ಯಾನ್: ವೈರಿಂಗ್ ಹೀಗೆ ಮಾಡಿ

ಮಲೆನಾಡಿನ ತೋಟಗಳಲ್ಲಿ ಇನ್ನೂ ಓಡುತ್ತಿರುವ ಹಳೇ ಡೀಸೆಲ್ ಜೀಪುಗಳ ಬಾನೆಟ್ ಎತ್ತಿ ನೋಡಿ. ಎಷ್ಟೋ ಜೀಪುಗಳಲ್ಲಿ ರೇಡಿಯೇಟರ್ ಹಿಂದೆ ಯಾವುದೋ ಕಾರಿನಿಂದ ಕಿತ್ತು ತಂದ ಎಲೆಕ್ಟ್ರಿಕ್ ಫ್ಯಾನ್ ಕೂತಿರುತ್ತದೆ. ಅದರ ಸಣಕಲು ವೈರು ಸೀದಾ ಡ್ಯಾಶ್‌ಬೋರ್ಡ್ ಕೆಳಗಿನ ಫಾಗ್‌ಲೈಟ್ ಸ್ವಿಚ್ಚಿಗೆ ಹೋಗಿರುತ್ತದೆ. ‘ಹೀಟ್ ಆದ್ರೆ ಆನ್ ಮಾಡ್ಕೊಳ್ಳಿ ಸಾರ್’ ಅಂತ ಮೆಕ್ಯಾನಿಕ್ ಹೇಳಿ ಕಳಿಸಿರುತ್ತಾರೆ. ಓನರ್‌ಗೆ ಅದು ನೆನಪಿರುತ್ತದೆ. ಗೊಬ್ಬರ ತರಲು ಜೀಪ್ ಒಯ್ದ ಡ್ರೈವರ್‌ಗೆ ಇರುವುದಿಲ್ಲ. ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲು) ಹೋಗುವುದು ಹೀಗೆ.

ಎಲೆಕ್ಟ್ರಿಕ್ ಫ್ಯಾನ್ ಹಾಕುವುದೇ ತಪ್ಪು ಅಂತಲ್ಲ. ಎಂಜಿನ್ನೇ ಬೆಲ್ಟಿನಿಂದ ತಿರುಗಿಸುವ ಬೆಲ್ಟ್ ಫ್ಯಾನ್, ಎಂಜಿನ್ ನಿಧಾನವಾದಾಗ ತಾನೂ ನಿಧಾನವಾಗುತ್ತದೆ. ಟ್ರಾಫಿಕ್ಕಿನಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ಗಾಳಿ ಬೇಕಾಗಿದ್ದು ಜಾಸ್ತಿ, ಸಿಗುವುದು ಕಡಿಮೆ. ಎಲೆಕ್ಟ್ರಿಕ್ ಫ್ಯಾನ್‌ಗೆ ಆ ತೊಂದರೆ ಇಲ್ಲ. ಆದರೆ ಲೋಡ್ ಹಾಕಿ ಟ್ರೈಲರ್ ಎಳೆಯುವ ಜೀಪಾದರೆ ಬೆಲ್ಟ್ ಫ್ಯಾನೇ ಇರಲಿ, ಅದನ್ನು ಮುಟ್ಟಬೇಡಿ. ಉಳಿದವರು ಮುಂದೆ ಓದಿ.

ಮೊದಲು ಫ್ಯಾನ್ ಕೂರಿಸಿ. ಷ್ರೌಡ್ (ಸುತ್ತಲಿನ ಕವಚ) ಸಮೇತ ಇರುವ ಫ್ಯಾನನ್ನೇ ತನ್ನಿ, ಪಟ್ಟಿ ಹಾಕಿ ರೇಡಿಯೇಟರ್ ಫ್ರೇಮಿಗೆ ಬೋಲ್ಟ್ ಮಾಡಿ. ರೇಡಿಯೇಟರಿನ ಫಿನ್‌ಗಳ (ತೆಳು ತಗಡುಗಳ) ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಬಿಗಿಯುವ ಕಿಟ್ ಸಿಗುತ್ತದೆ. ಅದನ್ನು ಕೊಳ್ಳಲೇಬೇಡಿ. ಕುಲುಕಾಟಕ್ಕೆ ಟೈ ಉಜ್ಜಿ ಉಜ್ಜಿ ರೇಡಿಯೇಟರ್ ಸೋರಲು ಶುರುವಾಗುತ್ತದೆ.

ಎರಡನೆಯದು, ಫ್ಯಾನ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಅಳೆಯಿರಿ. 12 ಇಂಚಿನ ಫ್ಯಾನ್ ಸಾಮಾನ್ಯವಾಗಿ 8ರಿಂದ 12 ಆಂಪ್ ಎಳೆಯುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ಅಳೆಯಲು ಡಿ.ಸಿ. ತೋರಿಸುವ ಕ್ಲಾಂಪ್ ಮೀಟರ್ ಬೇಕು. ಅಗ್ಗದ ಕ್ಲಾಂಪ್ ಮೀಟರ್‌ಗಳಲ್ಲಿ ಬಹಳಷ್ಟು ಎ.ಸಿ. ಮಾತ್ರ ತೋರಿಸುತ್ತವೆ, ಕೊಳ್ಳುವಾಗ ನೋಡಿಕೊಳ್ಳಿ. ಮಾಮೂಲಿ ಮಲ್ಟಿಮೀಟರ್‌ನ 10 ಆಂಪ್ ತೂತಿಗೆ ಫ್ಯಾನ್ ಸಿಕ್ಕಿಸಿದರೆ ಮೀಟರಿನ ಫ್ಯೂಸೇ ಹೋಗಬಹುದು.

ಇನ್ನು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ಎಲ್ಲರೂ ಎಡವುವುದು ಇಲ್ಲಿಂದ, ಆದ್ದರಿಂದ ನಿಧಾನವಾಗಿ ಓದಿ. ಫ್ಯಾನ್ ಓಡಿಸುವ ಕರೆಂಟ್ ಡ್ಯಾಶ್‌ಬೋರ್ಡಿನ ಕಡೆಗೆ ಬರಲೇಬಾರದು. ಬ್ಯಾಟರಿ, ಫ್ಯೂಸ್, ರಿಲೇ, ಫ್ಯಾನ್: ಇಷ್ಟೇ ಅದರ ದಾರಿ, ಎಲ್ಲವೂ ಬಾನೆಟ್ ಒಳಗೇ. ರಿಲೇ ಒಳಗಿನ ಕಾಯಿಲ್‌ಗೆ ಒಂದು ಆಂಪಿನ ಕಾಲು ಭಾಗವೂ ಬೇಕಾಗಿಲ್ಲ. ತೆಳು ವೈರು, ಚಿಕ್ಕ ಸ್ವಿಚ್ಚು ಏನಿದ್ದರೂ ಆ ಕಾಯಿಲ್ ಬದಿಗೆ.

12 ವೋಲ್ಟಿನ 40 ಆಂಪ್ ರಿಲೇ ತನ್ನಿ, ಸಾಕೆಟ್ ಜೊತೆಗೆ. ಕೆಳಗೆ ಪಿನ್ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್, ಫ್ಯೂಸ್ ದಾಟಿ ಬಂದದ್ದು. 87ರಿಂದ ಫ್ಯಾನ್‌ನ ಪ್ಲಸ್. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಒಂದು ತೆಳು ವೈರು, ಅದಕ್ಕೂ ಒಂದು ಚಿಕ್ಕ ಫ್ಯೂಸ್ ಇರಲಿ. 85ರಿಂದ ಥರ್ಮೋ ಸ್ವಿಚ್ (ನೀರಿನ ಬಿಸಿ ನೋಡಿ ತಾನೇ ಆನ್ ಆಫ್ ಆಗುವ ಸ್ವಿಚ್ಚು), ಅಲ್ಲಿಂದ ಅರ್ತ್. ಐದು ಪಿನ್ನಿನ ರಿಲೇಯಲ್ಲಿ ನಡುವೆ 87ಎ ಅಂತ ಒಂದಿರುತ್ತದೆ, ಅದನ್ನು ಖಾಲಿ ಬಿಡಿ. ತಪ್ಪಿ ಫ್ಯಾನನ್ನು ಅದಕ್ಕೆ ಕೊಟ್ಟರೆ ಎಂಜಿನ್ ತಣ್ಣಗಿರುವಾಗ ಫ್ಯಾನ್ ಗರಗರ ಓಡುತ್ತದೆ, ಬಿಸಿಯಾದ ಕೂಡಲೇ ನಿಲ್ಲುತ್ತದೆ. ಇಂಥ ಜೀಪ್ ನೋಡಿದ್ದೇನೆ. ಓನರ್ ಎರಡು ಸಲ ಹೊಸ ಫ್ಯಾನ್ ಹಾಕಿಸಿದ್ದರು.

86ಕ್ಕೆ ಬ್ಯಾಟರಿಯಿಂದಲೇ ಕೊಟ್ಟರೆ ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ಓಡುತ್ತದೆ. ಕೆಲವರಿಗೆ ಅದೇ ಇಷ್ಟ. ನನಗಿಲ್ಲ. ಎಂಜಿನ್ನಿನ ನೀರಿನ ಪಂಪ್ ನಿಂತ ಮೇಲೆ ರೇಡಿಯೇಟರಿಗೆ ಗಾಳಿ ಹೊಡೆದು ಸಿಗುವ ಲಾಭ ಅಷ್ಟಕ್ಕಷ್ಟೆ, ಮುದಿ ಬ್ಯಾಟರಿಯಾದರೆ ಬೆಳಿಗ್ಗೆ ಜೀಪ್ ತಳ್ಳಬೇಕಾಗುತ್ತದೆ.

ಫ್ಯೂಸ್ ಇರುವುದು ಫ್ಯಾನ್ ಕಾಯಲು ಅಲ್ಲ, ವೈರು ಕಾಯಲು. ಹಾಗಾಗಿ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಬೇಕು. 10 ಆಂಪ್ ಎಳೆಯುವ ಫ್ಯಾನ್‌ಗೆ 20 ಆಂಪ್ ಫ್ಯೂಸ್, 2.5 ಸ್ಕ್ವೇರ್ ಎಂಎಂ ವೈರು. 30 ಆಂಪ್ ಫ್ಯೂಸ್ ಬೇಕಾಗುವಷ್ಟು ದೊಡ್ಡ ಫ್ಯಾನ್ ಆದರೆ 4 ಸ್ಕ್ವೇರ್. ಬೆಂಗಳೂರಿನ ಜೆ.ಸಿ. ರೋಡಿನಿಂದ ಹಿಡಿದು ತಾಲ್ಲೂಕಿನ ಆಟೊಮೊಬೈಲ್ ಅಂಗಡಿವರೆಗೆ ‘ರೆಡಿಮೇಡ್ ರಿಲೇ ಕಿಟ್’ ಸಿಗುತ್ತದೆ. ದಪ್ಪ ಪ್ಲಾಸ್ಟಿಕ್ ನೋಡಿ ಮರುಳಾಗಬೇಡಿ, ತುದಿ ಸುಲಿದು ಒಳಗಿನ ತಾಮ್ರ ನೋಡಿ. ಮುಕ್ಕಾಲು ಸ್ಕ್ವೇರ್ ವೈರಾದರೆ, ಹೋಗಿ ಬರುವ ನಾಲ್ಕು ಮೀಟರ್‌ನಲ್ಲೇ ಒಂದು ವೋಲ್ಟಿಗಿಂತ ಜಾಸ್ತಿ ಕಳೆದುಹೋಗುತ್ತದೆ. ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ. ಜಾಯಿಂಟ್‌ಗೆ ಲಗ್ಸ್ (ವೈರಿನ ತುದಿಗೆ ಹಾಕುವ ಲೋಹದ ಕಿವಿ) ಹಾಕಿ ಕ್ರಿಂಪ್ ಮಾಡಿ (ಅದುಮಿ) ಹೀಟ್ ಸ್ಲೀವ್ ಏರಿಸಿ. ಸುಮ್ನೆ ತಿರುಚಿ ಟೇಪ್ ಸುತ್ತಿದ್ದು ಬಾನೆಟ್ ಕಾವಿಗೆ ಬಿಚ್ಚಿಕೊಳ್ಳುತ್ತದೆ. ರಿಲೇಯನ್ನು ಪಿನ್ ಕೆಳಗಾಗಿ ಕೂರಿಸಿ, ಮಳೆ ನೀರು ಒಳಗೆ ನಿಲ್ಲುವುದಿಲ್ಲ.

ಥರ್ಮೋ ಸ್ವಿಚ್ ಮೇಲೆ ಎರಡು ನಂಬರ್ ಇರುತ್ತದೆ, 92-87 ಅಂತಲೋ 95-84 ಅಂತಲೋ. ಮೊದಲನೆಯದಕ್ಕೆ ಆನ್, ಎರಡನೆಯದಕ್ಕೆ ಆಫ್. ‘ತಣ್ಣಗಿದ್ದಷ್ಟೂ ಒಳ್ಳೇದು’ ಅಂತ ಕಡಿಮೆ ಡಿಗ್ರಿಯದು ಹಾಕುವವರಿದ್ದಾರೆ. ನಿಮ್ಮ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿಗೆ ದಾರಿ ಬಿಡುವ ವಾಲ್ವ್) 82 ಡಿಗ್ರಿಗೆ ತೆರೆಯುವುದಾದರೆ, ಎಂಜಿನ್ನಿನಿಂದ ಹೊರಬರುವ ನೀರು ಅದಕ್ಕಿಂತ ಕೆಳಗಿಳಿಯಲು ಅದು ಬಿಡುವುದೇ ಇಲ್ಲ. ಆ ನೀರಿನಲ್ಲಿರುವ ಸ್ವಿಚ್ 78ಕ್ಕೆ ಆಫ್ ಆಗಬೇಕಾದರೆ ಫ್ಯಾನ್ ನಿಲ್ಲುವುದು ಯಾವಾಗ? 82ಕ್ಕೆ 92-87 ಸರಿಯಾದ ಜೋಡಿ.

ಇನ್ನು ಅದನ್ನು ಕೂರಿಸುವ ಜಾಗ. ಹಳೇ ಜೀಪಿನಲ್ಲಿ ಇದಕ್ಕೆ ತೂತು ಇರುವುದಿಲ್ಲ, ಅದಕ್ಕೇ ಮೇಲಿನ ಹೋಸ್ ಕತ್ತರಿಸಿ ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಹಾಕುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಅಡಾಪ್ಟರಿನ ಎರಡೂ ಬದಿ ರಬ್ಬರ್. ಒಂದೇ ಪಿನ್ನಿನ ಸ್ವಿಚ್ ತನ್ನ ಮೈಯಿಂದಲೇ ಅರ್ತ್ ಹುಡುಕುತ್ತದೆ, ಇಲ್ಲಿ ಅದು ಸಿಗುವುದೇ ಇಲ್ಲ. ಅಡಾಪ್ಟರಿಗೆ ಬೇರೆ ಅರ್ತ್ ವೈರು ಹಾಕಬೇಕು. ಇಲ್ಲದಿದ್ದರೆ ನೀರು ಕುದಿದರೂ ಫ್ಯಾನ್ ಕದಲದು. ಥ್ರೆಡ್ಡಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದರೂ ಇದೇ ಕಥೆ ಆಗಬಹುದು. ನಾನಂತೂ ಎರಡು ಪಿನ್ನಿನ ಸ್ವಿಚ್ಚನ್ನೇ ಹೇಳುತ್ತೇನೆ. ಫಿನ್‌ಗಳ ನಡುವೆ ಸೆನ್ಸರ್ ಕಡ್ಡಿ ಸಿಕ್ಕಿಸಿ ಗುಂಡಿ ತಿರುಗಿಸುವ ಕಂಟ್ರೋಲರ್ ಬೇಡವೇ ಬೇಡ. ನೀರಿನಲ್ಲಿ ಮುಳುಗದ ಸೆನ್ಸರ್ ನೀರಿನ ಬಿಸಿಯನ್ನು ಸರಿಯಾಗಿ ಹೇಳುವುದಿಲ್ಲ.

ಹಾಕುವ ಮೊದಲು ಸ್ವಿಚ್ಚಿನ ತುದಿಯನ್ನು ಪಾತ್ರೆಯ ಬಿಸಿನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಜೊತೆ ಪರೀಕ್ಷಿಸಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಅಲ್ಲಿ 95ರ ಸ್ವಿಚ್ ಕುದಿಯುವ ನೀರಿನಲ್ಲೂ ತಡವಾಗಿ ಆನ್ ಆದರೆ ಕೆಟ್ಟಿದೆ ಅಂತ ಎಸೆಯಬೇಡಿ.

ಫ್ಯಾನ್‌ನ ಕಪ್ಪು ವೈರನ್ನು ಬ್ಯಾಟರಿ ಮೈನಸ್‌ಗೇ ಒಯ್ಯಿರಿ. ಚಾಸಿಗೆ ಕೊಡುವುದಾದರೆ ಪೇಂಟ್ ಕೆರೆದು, ಬೋಲ್ಟ್ ಬಿಗಿದು, ಗ್ರೀಸ್ ಹಚ್ಚಿ.

ಡ್ಯಾಶ್‌ಬೋರ್ಡ್ ಸ್ವಿಚ್ ಬೇಕೇ ಬೇಕು ಅನ್ನುವವರು 85ರಿಂದ ಇನ್ನೊಂದು ತೆಳು ವೈರು ತಂದು, ಸ್ವಿಚ್ ಮೂಲಕ ಅರ್ತ್ ಮಾಡಿ. ಆಗ ಫ್ಯಾನನ್ನು ಬಲವಂತವಾಗಿ ಓಡಿಸಬಹುದು, ಮರೆತರೂ ಥರ್ಮೋ ಸ್ವಿಚ್ ತನ್ನ ಕೆಲಸ ಮಾಡುತ್ತದೆ. ಹಳ್ಳ ದಾಟುವವರಿಗೆ ಮಾತ್ರ 86ರ ದಾರಿಯಲ್ಲಿ ಒಂದು ಆಫ್ ಸ್ವಿಚ್ಚೂ ಬೇಕು. ನೀರಿನಲ್ಲಿ ತಿರುಗುವ ಬ್ಲೇಡ್ ಮುಂದಕ್ಕೆ ಬಾಗಿ ರೇಡಿಯೇಟರ್ ಕೊರೆಯುತ್ತದೆ. ಆ ಸ್ವಿಚ್ ಆಫ್ ಇದ್ದಾಗ ಕೆಂಪು ಲೈಟ್ ಉರಿಯುವಂತೆ ಮಾಡಿಸಿ.

ಕೊನೆಗೆ ಟೆಸ್ಟ್. ಫ್ಯಾನ್ ಓಡುವಾಗ ರೇಡಿಯೇಟರ್ ಮುಂದೆ ಹಾಳೆ ಹಿಡಿಯಿರಿ, ಅಂಟಿಕೊಳ್ಳಬೇಕು. ತಳ್ಳಿ ಹಾರಿದರೆ ಫ್ಯಾನ್‌ನ ಎರಡು ವೈರು ಅದಲುಬದಲಾಗಿವೆ. ಆಮೇಲೆ ಬ್ಯಾಟರಿ ಎಷ್ಟು ವೋಲ್ಟ್, ಫ್ಯಾನ್ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಅಂತ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಅರ್ತ್ ಪಾಯಿಂಟ್‌ನಿಂದಲೇ ಹುಡುಕಲು ಶುರು ಮಾಡಿ.