ರೆಕ್ಟಿಫೈಯರ್ ತಪ್ಪು ತೋರಿಸುತ್ತಿದೆಯಾ? ಐಸಿ ಕೀಳಬೇಡಿ, ಸೊನ್ನೆಯನ್ನು ನೋಡಿ

ಕರೆಂಟ್ ಸೆನ್ಸರ್ ಇಟ್ಟು ಆರ್ಡುಯಿನೋ ಪ್ರಾಜೆಕ್ಟ್ ಮಾಡುವ ಹುಡುಗರ ಜೊತೆ ಕೂತಾಗಲೆಲ್ಲ ಇದನ್ನೇ ನೋಡಿದ್ದೇನೆ. ರೆಕ್ಟಿಫೈಯರ್ (ಎಸಿ ಅಲೆಯ ಒಂದು ಅರ್ಧವನ್ನು ಮಾತ್ರ ಉಳಿಸಿಕೊಳ್ಳುವ ಸರ್ಕ್ಯೂಟ್) ಕೊಡುವ ರೀಡಿಂಗ್ ತಪ್ಪು ಬಂದ ತಕ್ಷಣ ಅದರಲ್ಲಿರುವ ಆಪ್ ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಕಿತ್ತು ಹೊಸದು ಹಾಕುತ್ತಾರೆ. ಅದೂ ತಪ್ಪೇ ತೋರಿಸುತ್ತದೆ. ಐಸಿ ಚೆನ್ನಾಗಿಯೇ ಇರುತ್ತದೆ, ತೊಂದರೆ ಇರುವುದು ಸೊನ್ನೆ ವೋಲ್ಟ್ ಹತ್ತಿರ.

ಸರ್ಕ್ಯೂಟ್ ಸಣ್ಣದು. ಎಲ್‌ಎಂ358 ಅನ್ನೋ ಆಪ್ ಆಂಪ್, 5 ವೋಲ್ಟ್ ಸಪ್ಲೈ. ಪ್ಲಸ್ ಇನ್‌ಪುಟ್ ಗ್ರೌಂಡ್‌ಗೆ. ಸೆನ್ಸರ್‌ನಿಂದ ಮೈನಸ್ ಇನ್‌ಪುಟ್‌ಗೆ 10ಕೆ (10 ಕಿಲೋಓಮ್) ರೆಸಿಸ್ಟರ್, ಔಟ್‌ಪುಟ್‌ನಿಂದ ಅಲ್ಲಿಗೇ ಇನ್ನೊಂದು 10ಕೆ. ಡಯೋಡ್ ಬೇಡ. ಸಿಗ್ನಲ್ ಸೊನ್ನೆಗಿಂತ ಕೆಳಗಿಳಿದಾಗ ಔಟ್‌ಪುಟ್ ಮೇಲೇಳಬೇಕು, ಉಳಿದರ್ಧದಲ್ಲಿ ಸೊನ್ನೆಯಲ್ಲೇ ಇರಬೇಕು. ಕೆಲವರು ಸೆನ್ಸರನ್ನು ನೇರವಾಗಿ ಪ್ಲಸ್ ಇನ್‌ಪುಟ್‌ಗೆ ಕೊಡುತ್ತಾರೆ, ಅದು ಬೇಡ. ಈ ಐಸಿಯ ಇನ್‌ಪುಟ್ ಗ್ರೌಂಡ್‌ಗಿಂತ 0.3 ವೋಲ್ಟ್ ಕೆಳಗಿಳಿದರೆ ಔಟ್‌ಪುಟ್ ತಲೆಕೆಳಗಾಗಿ ಮೇಲಕ್ಕೆ ಹಾರಬಹುದು.

ಮೊದಲು ಸಪ್ಲೈ ಮತ್ತು ಗ್ರೌಂಡ್ ವಯರ್ ನೋಡಿ. ಸೆನ್ಸರ್ ಒಂದೇ ವಯರ್ ಸುತ್ತ ಇರಲಿ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಏನೂ ಬರಲ್ಲ. ಆಸಿಲೋಸ್ಕೋಪ್ (ಅಲೆಯ ಆಕಾರ ತೋರಿಸುವ ಉಪಕರಣ) ಇದ್ದರೆ ಅದನ್ನು ಡಿಸಿ ಕಪ್ಲಿಂಗ್‌ಗೆ ಹಾಕಿ. ಎಸಿಯಲ್ಲಿಟ್ಟರೆ ಸೊನ್ನೆ ಗೆರೆಯೇ ಜರುಗಿ, ಅಲೆ ಎಲ್ಲಿಂದ ಏಳುತ್ತಿದೆ ಅನ್ನೋದೇ ಗೊತ್ತಾಗಲ್ಲ.

ಈಗ ಎಲ್ಲರೂ ಎಡವುವ ಜಾಗ. ಎಸ್‌ಸಿಟಿ-013-030 ಸೆನ್ಸರ್ 30 ಆಂಪಿಯರ್‌ಗೆ 1 ವೋಲ್ಟ್ ಕೊಡುತ್ತದೆ. ಇದು ಆರ್‌ಎಂಎಸ್ ಲೆಕ್ಕ (ಎಸಿಯನ್ನು ಸಾಮಾನ್ಯವಾಗಿ ಹೇಳುವ ಬೆಲೆ), ಅಂದರೆ ಅಲೆಯ ತುದಿ 1.41 ವೋಲ್ಟ್. ಪಾಸಿಟಿವ್ ಅರ್ಧದಲ್ಲಿ ಈ ವೋಲ್ಟೇಜ್ ಎರಡು 10ಕೆಗಳ ಮೂಲಕ ಔಟ್‌ಪುಟ್ ಕಾಲಿಗೇ ಕರೆಂಟ್ ತಳ್ಳುತ್ತದೆ. 1.41 ಅನ್ನು 20ಕೆಯಿಂದ ಭಾಗಿಸಿದರೆ 70 ಮೈಕ್ರೋಆಂಪ್. ಆದರೆ ಎಲ್‌ಎಂ358 ಔಟ್‌ಪುಟ್ ಗ್ರೌಂಡ್ ಹತ್ತಿರ ಎಳೆದುಕೊಳ್ಳುವುದು ಸಾಮಾನ್ಯವಾಗಿ ಬರೀ 50 ಮೈಕ್ರೋಆಂಪ್, ಡೇಟಾಶೀಟ್ (ಐಸಿ ತಯಾರಕರ ವಿವರ ಪತ್ರ) ಖಾತರಿ ಕೊಡುವುದಂತೂ 12 ಅಷ್ಟೇ. ಉಳಿದ ಕರೆಂಟ್‌ಗೆ ದಾರಿಯಿಲ್ಲ, ಹಾಗಾಗಿ ಸೊನ್ನೆಯಲ್ಲಿ ಇರಬೇಕಾದ ಗೆರೆ ಉಬ್ಬಿ ಸುಮಾರು 0.4 ವೋಲ್ಟ್‌ಗೆ ಏರುತ್ತದೆ. ಮೀಟರಿನ ಸರಾಸರಿ 0.45 ಇರಬೇಕಾದದ್ದು 0.52 ಆಗುತ್ತದೆ. ಕಡಿಮೆ ಲೋಡ್‌ನಲ್ಲಿ ಎಲ್ಲ ಸರಿ, ಲೋಡ್ ಜಾಸ್ತಿಯಾದಾಗ ಮಾತ್ರ ತಪ್ಪು ಅಂತಾದರೆ ಇದೇ ಕಾರಣ ಅಂತ ತಿಳಿದುಕೊಳ್ಳಿ. ಎಷ್ಟೋ ಜನ ಇಲ್ಲಿ ಕೋಡ್‌ನಲ್ಲಿ ಏನೋ ಒಂದು ಅಂಕಿ ಕಳೆದು ಸರಿಮಾಡಿದೆವು ಅಂದುಕೊಳ್ಳುತ್ತಾರೆ. ಆದರೆ ಈ ತಪ್ಪು ಎಲ್ಲ ಲೋಡ್‌ಗೂ ಒಂದೇ ಸಮ ಇರಲ್ಲ.

ಪರಿಹಾರ ಸುಲಭ: ಎರಡೂ ರೆಸಿಸ್ಟರ್ 100ಕೆ ಮಾಡಿ. ಕರೆಂಟ್ 7 ಮೈಕ್ರೋಆಂಪ್‌ಗೆ ಇಳಿಯುತ್ತದೆ, 12ಕ್ಕಿಂತ ಕಡಿಮೆ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ ರೆಸಿಸ್ಟರ್ ಹಾಕುವ ಅಡ್ಡದಾರಿಯೂ ಇದೆ, ಅದು ಉಬ್ಬನ್ನು ತಗ್ಗಿಸುತ್ತದೆ ಅಷ್ಟೇ, ಅಳಿಸಲ್ಲ. 100ಕೆ ಹಾಕಿದಾಗ ಬಯಾಸ್ ಕರೆಂಟ್‌ನಿಂದ (ಐಸಿಯ ಇನ್‌ಪುಟ್ ಕಾಲಲ್ಲಿ ಹರಿಯುವ ತೀರಾ ಸಣ್ಣ ಕರೆಂಟ್) ಕೆಲವು ಮಿಲಿವೋಲ್ಟ್ ಏರುಪೇರಾಗುತ್ತದೆ, ಪ್ಲಸ್ ಇನ್‌ಪುಟ್ ಮತ್ತು ಗ್ರೌಂಡ್ ಮಧ್ಯೆ 47ಕೆ ಇಟ್ಟರೆ ಅದೂ ತಗ್ಗುತ್ತದೆ. ಹೊಸದಾಗಿ ಕೊಳ್ಳುವವರು ಎಂಸಿಪಿ6002 ಆಪ್ ಆಂಪ್ ತೊಗೊಳ್ಳಿ, ಅದರ ಔಟ್‌ಪುಟ್ ಗ್ರೌಂಡ್ ಮತ್ತು ಸಪ್ಲೈ ಎರಡೂ ತುದಿಯ ಹತ್ತಿರಕ್ಕೆ ಚೆನ್ನಾಗಿ ಹೋಗುತ್ತದೆ. 741 ಅನ್ನೋ ಹಳೆಯ ಆಪ್ ಆಂಪ್ ಈ ಕೆಲಸಕ್ಕೆ ಬೇಡವೇ ಬೇಡ, 5 ವೋಲ್ಟ್ ಸಿಂಗಲ್ ಸಪ್ಲೈ ಅದಕ್ಕೆ ಆಗಿಬರಲ್ಲ. ಸಡಿಲವಾದ ಬ್ರೆಡ್‌ಬೋರ್ಡನ್ನೂ ದಯವಿಟ್ಟು ಬಿಸಾಡಿ.

ಮೇಲಿನ ತುದಿಗೂ ಮಿತಿ ಇದೆ. 5 ವೋಲ್ಟ್ ಕೊಟ್ಟರೆ ಎಲ್‌ಎಂ358 ಸುಮಾರು 3.5 ವೋಲ್ಟ್‌ಗಿಂತ ಮೇಲೆ ಹೋಗಲ್ಲ. ಸಿಗ್ನಲ್ ಮೂರು ಪಟ್ಟು ಹಿಗ್ಗಿಸಿದರೆ 4.2 ಬೇಕಾಗುತ್ತದೆ, ಅಲೆಯ ತಲೆ ಚಪ್ಪಟೆಯಾಗುತ್ತದೆ.

ಕೊನೆಗೆ ಪರೀಕ್ಷೆ ಮಾಡುವಾಗ ಜಾಸ್ತಿ ಕರೆಂಟ್‌ನಲ್ಲೇ ಮಾಡಿ. 2 ಕಿಲೋವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಪ್ಲಗ್ ಕಿತ್ತಿಟ್ಟು, ಇನ್ಸುಲೇಶನ್ ಇರುವ ಅದರ ಒಂದೇ ವಯರನ್ನು ಸೆನ್ಸರ್ ಒಳಗೆ ಮೂರು ಸಲ ತೂರಿಸಿ. ಸೆನ್ಸರ್‌ಗೆ ಅದು 26 ಆಂಪಿಯರ್ ಆಗಿ ಕಾಣುತ್ತದೆ. ಆಮೇಲೆ ಪ್ಲಗ್ ಹಾಕಿ, ಮಲ್ಟಿಮೀಟರನ್ನು ಡಿಸಿಗೆ ತಿರುಗಿಸಿ ಔಟ್‌ಪುಟ್ ನೋಡಿ: 0.39 ವೋಲ್ಟ್ ಆಸುಪಾಸು ಬರಬೇಕು.